ವಾಕ್ಯಕ್ಕೆ ಮೂವತ್ತು ಲೆಕ್

ವ್ಲೋರಾದ ಹಳೆಯ ಸಾಬೂನು ಕಾರ್ಖಾನೆಯಲ್ಲಿ
ಈಗ ಇನ್ನೂರ ಹದಿನಾರು ಕುರ್ಚಿ.
ಮಳೆ ಹಿಡಿದರೆ ಗೋಡೆ ಇನ್ನೂ ಸಣ್ಣಗೆ ಸಾಬೂನು ನಾರುತ್ತದೆ.
ಕಿವಿಗೆ ಹೆಡ್‌ಫೋನು ಸಿಕ್ಕಿಸಿದೊಡನೆ
ನಾನು ಎರ್ಮಿರಾ ಅಲ್ಲ, ಜೂಲಿಯಾ;
ಕಡಲಾಚೆ ಇಟಲಿಯ ಮನೆಮನೆಗೆ
ಅಗ್ಗದ ಕರೆಂಟು ಮಾರುವವಳು.

ಉದ್ಘಾಟನೆಗೆ ತಿರಾನಾದಿಂದ ಮಂತ್ರಿ ಬಂದಿದ್ದರು.
ಕತ್ತರಿ ಮೊಂಡು, ರಿಬ್ಬನ್ನನ್ನು ಮೂರು ಸಲ ಹಿಸುಕಿದರು.
"ಚಿನ್ನವಿಲ್ಲ ನಮ್ಮಲ್ಲಿ. ಇದ್ದ ಕ್ರೋಮನ್ನು ಮಣ್ಣಿನ ಬೆಲೆಗೆ ಮಾರಿದೆವು.
ಇನ್ನು ನಮ್ಮ ಗಣಿ ನಮ್ಮ ಮಕ್ಕಳ ನಾಲಿಗೆ.
ದೇಶ ಬೆಳೆಯುವುದು ಮಾತಿನಿಂದ!"
ಚಪ್ಪಾಳೆ.
ಎರಡನೇ ಸಾಲಿನಲ್ಲಿ ಅಪ್ಪ
ಗಣಿ ಎಂಬ ಮಾತಿಗೆ ಕೆಮ್ಮಿದ.

ಅಪ್ಪನಿಗೆ ಗಣಿ ಗೊತ್ತು.
ಇಪ್ಪತ್ನಾಲ್ಕರ ಹರೆಯದಲ್ಲಿ
ಬಿಯರ್ ಡಬ್ಬಿ ಕತ್ತರಿಸಿ, ಒಂದು ಟ್ರಾನ್ಸಿಸ್ಟರು ಬೆಸೆದು,
ಮಾಡಿನ ಮೇಲೆ ಪಡುವಣಕ್ಕೆ ಮುಖಮಾಡಿ
ಕದ್ದು ಹಿಡಿದಿದ್ದ ಆಚೆ ದಡದ ಟೀವಿಯನ್ನು.
ಕಿಟಕಿಗೆ ಕಂಬಳಿ. ದನಿ ಇರುವೆಯಷ್ಟು.
ಬಟ್ಟೆಸೋಪಿನ ಜಾಹೀರಾತು, ಸೈಕಲ್ ಪಂದ್ಯ,
ಹಲ್ಲು ಬಿಟ್ಟು ನಗುವ ನಿರೂಪಕಿಯ "ಬುವೊನಸೇರಾ".
ಒಂದೊಂದೇ ಪದವನ್ನು
ಕಲ್ಲುಸಕ್ಕರೆಯಂತೆ ದವಡೆಗಿಟ್ಟುಕೊಂಡು ಕರಗಿಸಿದ.
ಗೋಡೆಗೂ ಕಿವಿಯಿದ್ದ ಕಾಲ;
ಪಕ್ಕದ ಮನೆಯವನಿಗಂತೂ ಎರಡಿತ್ತು.
ಸೆಲೆನೀತ್ಸದ ಡಾಂಬರು ಗಣಿಯಲ್ಲಿ ಆರು ವರ್ಷ.
ತೀರ್ಪಿನ ಹಾಳೆಯಡಿ
ದುಂಡನೆಯ ಕೆಂಪು ಮೊಹರು.

ನಾನು ಕಲಿತದ್ದು ಹಗಲಲ್ಲಿ,
ಬಾಯಿತುಂಬ ಬ್ರೆಡ್ಡು, ಮುಂದೆ ಕಾರ್ಟೂನು,
ಯಾರ ಹೆದರಿಕೆಯೂ ಇಲ್ಲದೆ.
ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.
ನಮಗೆ ಆಡಿದರೆ ಬಂತು:
ಬಾಡಿಗೆ, ತಮ್ಮನ ಫೀಸು, ಕಂತಿನ ಫ್ರಿಜ್ಜು.
ನಾನೇನೂ ದೂರುತ್ತಿಲ್ಲ.

ಒಮ್ಮೆ ಲೆಚ್ಚೆಯ ಮುದುಕಿಯೊಬ್ಬಳು ಕೇಳಿದಳು:
"ಎಲ್ಲಿಂದ ಮಾತಾಡ್ತಿದೀಯ ಮಗಳೇ?"
ತೆರೆಯ ಮೂಲೆಯಲ್ಲಿ ಬರೆದಿತ್ತು: ಮಿಲಾನ್, ಬಿಸಿಲು.
ಹಾಗೇ ಅಂದೆ.
"ಇಲ್ಲಿ ಗಾಳಿ. ಬಟ್ಟೆ ಒಣಹಾಕಿದೀನಿ."
ನನ್ನ ಕಿಟಕಿಯಲ್ಲಿ, ಸಾಜಾನ್ ದ್ವೀಪದಾಚೆ,
ಕಡಲನ್ನೇ ಒರೆಸಿಹಾಕುತ್ತ ಎದ್ದಿತ್ತು ಕರೀಮೋಡ.
"ಬೇಗ ಎತ್ತಿಡಿ ಅಮ್ಮಾ, ಮಳೆ ಬರತ್ತೆ."
"ಮಿಲಾನಿನಲ್ಲಿ ಕೂತು ನಿನಗೆ ಹೇಗೆ ಗೊತ್ತು?"

ಬರೆದುಕೊಟ್ಟದ್ದು ಬಿಟ್ಟು ಆಡಿದ್ದಕ್ಕೆ
ಹತ್ತು ಅಂಕ ಕಡಿತ.

ಈ ವರ್ಷ ಕುರ್ಚಿಗಳು ಅರ್ಧ ಖಾಲಿ.
ಯಂತ್ರವೇ ಮಾತಾಡುತ್ತದಂತೆ ಇನ್ನುಮುಂದೆ.
ಅದಕ್ಕೆ ಕಲಿಸಲು ದನಿ ಬೇಕು, ಎಲ್ಲ ವಯಸ್ಸಿನದು;
ಮುದುಕರದ್ದೇ ಅಭಾವ.
ವಾಕ್ಯಕ್ಕೆ ಮೂವತ್ತು ಲೆಕ್.
ಅಪ್ಪನನ್ನು ಕರೆದೊಯ್ದೆ.

ಗಾಜಿನ ಕೋಣೆ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.
ಮೊದಲ ಸಾಲೇ "ಬುವೊನಸೇರಾ".
ಬಾಗಿಲ ಕಡೆಗೊಮ್ಮೆ ನೋಡಿ
ಕಂಬಳಿಯೊಳಗಿನಿಂದ ಎಂಬಂತೆ ಅಂದ.
"ಜೋರಾಗಿ, ಅಜ್ಜಾ," ಎಂದ ಹುಡುಗ ಅರ್ದಿತ್.
ಮತ್ತೆ ಅಂದ.
"ಇನ್ನೂ ಜೋರು."
ನಲವತ್ತಾರು ವರ್ಷದ ಮೇಲೆ
ಆಡು, ಜೋರಾಗಿ ಆಡು ಅನ್ನುತ್ತಿದೆ ಒಂದು ಕೋಣೆ.
ಅಪ್ಪ ಗಂಟಲು ಸರಿಮಾಡಿಕೊಂಡ,
ನೀರು ಕೇಳಿದ.

ಸಂಜೆಗೆ ನಾನೂರು ವಾಕ್ಯ, ಹನ್ನೆರಡು ಸಾವಿರ.
ಬಟ್ಟೆಸೋಪಿನ ಕಾಲದ ಅವನ ಉಚ್ಚಾರ
ಯಂತ್ರಕ್ಕೆ ತುಂಬಾ ಹಿಡಿಸಿತಂತೆ.
ಎದ್ದವನು ರಸೀದಿ ಕೇಳಿದ.
"ಫೋನಿಗೆ ಬಂದಿದೆ, ಅಜ್ಜಾ."
"ಮೊಹರು?"
"ಈಗ ಮೊಹರೆಲ್ಲ ಇಲ್ಲ."
"ಮೊಹರಿಲ್ಲದೆ ಯಾರು ನಂಬ್ತಾರೆ?"

ಬಂದರು ರಸ್ತೆಯ ಅಂಗಡಿಯಲ್ಲಿ
ಇಪ್ಪತ್ತು ಲೆಕ್ ಕೊಟ್ಟು ಮುದ್ರಿಸಿಕೊಂಡೆವು.
ಅಂಗಡಿಯಾಕೆಯನ್ನೇ ಕೇಳಿದ, ನಾನು ನಾಚುವಂತೆ.
ಅವಳಲ್ಲಿ ಇದ್ದದ್ದೊಂದೇ: ಚೌಕ, ನೀಲಿ,
"ನಗದು ಸಂದಿದೆ."
ಸಾಕು, ಒತ್ತು, ಎಂದ.
ಮಸಿ ಒಣಗಲೆಂದು ಹಾಳೆಯನ್ನು ಗಾಳಿಗೆ ಹಿಡಿದು
ಕಡಲ ಬದಿಯ ದಾರಿಯಲ್ಲಿ
ನನಗಿಂತ ಮುಂದೆ ಮುಂದೆ ನಡೆದ.